ಬೆಂಕಿಯಿಂದ ಪಾರಾದ ಪುಸ್ತಕಗಳ ಮನೆ: ಲಂಡನ್ನಿನ ಕಾಲೇಜ್ ಆಫ್ ಆರ್ಮ್ಸ್

ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್ ನೋಡಿಕೊಂಡು ಥೇಮ್ಸ್ ನದಿಯ ಮಿಲೇನಿಯಂ ಸೇತುವೆಯತ್ತ ಇಳಿಯುವ ಪ್ರವಾಸಿಗರು ಒಂದು ಹಳೆಯ ಕೆಂಪು ಇಟ್ಟಿಗೆಯ ಕಟ್ಟಡದ ಮಗ್ಗುಲಲ್ಲೇ ನಡೆದುಹೋಗುತ್ತಾರೆ. ಮೂರು ಕಡೆ ಕಟ್ಟಡ, ನಡುವೆ ಅಂಗಳ, ರಸ್ತೆಯ ಕಡೆಗೆ ಕುಸುರಿ ಕೆಲಸದ ಎತ್ತರದ ಕಬ್ಬಿಣದ ಗೇಟು. ಕ್ವೀನ್ ವಿಕ್ಟೋರಿಯಾ ಸ್ಟ್ರೀಟಿನ ಗಾಜಿನ ಕಚೇರಿಗಳ ನಡುವೆ ತಗ್ಗಾಗಿ ಕುಳಿತಿರುವ ಈ ಮನೆಯ ಹೆಸರು ಕಾಲೇಜ್ ಆಫ್ ಆರ್ಮ್ಸ್. ಕಾಲೇಜು ಎಂದಿದ್ದರೂ ಇಲ್ಲಿ ತರಗತಿಗಳಿಲ್ಲ, ವಿದ್ಯಾರ್ಥಿಗಳಿಲ್ಲ. ಇಂಗ್ಲೆಂಡ್, ವೇಲ್ಸ್ ಮತ್ತು ಉತ್ತರ ಐರ್ಲೆಂಡಿನ ವಂಶಲಾಂಛನಗಳನ್ನು ರಾಜನ ಪರವಾಗಿ ಕೊಡುವುದು, ಕೊಟ್ಟದ್ದನ್ನು ಪುಸ್ತಕದಲ್ಲಿ ಬರೆದಿಡುವುದು, ವಂಶಾವಳಿಗಳನ್ನು ಪರಿಶೀಲಿಸಿ ದಾಖಲಿಸುವುದು ಇಲ್ಲಿನ ಕಸುಬು. ಐದು ಶತಮಾನ ದಾಟಿದ ಈ ಕಸುಬು ಇಂದಿಗೂ ನಿಂತಿಲ್ಲ.

ಮೊದಲೇ ಏರ್ಪಾಡು ಮಾಡಿಕೊಂಡು ಗುಂಪಾಗಿ ಹೋದರೆ ಇಲ್ಲಿನ ಅಧಿಕಾರಿಯೊಬ್ಬರು ಜೊತೆಯಲ್ಲಿದ್ದು ಒಳಗಿನ ದಾಖಲೆ ಕೊಠಡಿಯವರೆಗೆ ಕರೆದೊಯ್ದು ವಿವರಿಸುತ್ತಾರೆ. ನಾನು ನೋಡಿದ್ದು ಹಾಗೆಯೇ. ರಾಜವೈಭವದ ಕಥೆ ಕೇಳಬೇಕಾಗುತ್ತದೆ ಎಂದುಕೊಂಡು ಹೋದವನಿಗೆ ಅಲ್ಲಿ ಸಿಕ್ಕಿದ್ದು ದಫ್ತರ ಕಾದವರ ಕಥೆ. ಈ ಸಂಚಿಕೆಯ ಓದುಗರಿಗೆ ಅದನ್ನೇ ಹೇಳಬೇಕೆನಿಸಿತು.

ಹೆರಾಲ್ಡ್‌ಗಳೆಂದರೆ ಮೂಲದಲ್ಲಿ ರಾಜರ ಮತ್ತು ದೊಡ್ಡ ಸರದಾರರ ಸಾರುಗಾರರು. ಹನ್ನೆರಡನೆಯ ಶತಮಾನದಿಂದ ಈಚೆಗೆ ಯುರೋಪಿನಲ್ಲಿ ಅಶ್ವಾರೋಹಿಗಳ ಕಾಳಗದ ಪಂದ್ಯಗಳು ಹೆಚ್ಚಿದಾಗ ಮುಖಮುಚ್ಚುವ ಶಿರಸ್ತ್ರಾಣದ ಒಳಗಿರುವವನು ಯಾರೆಂದು ಹೇಳಲು ಗುರಾಣಿಯ ಮೇಲಿನ ಚಿತ್ರವೇ ಗುರುತು. ಆ ಗುರುತುಗಳನ್ನು ಬಾಯಿಪಾಠ ಮಾಡಿ, ಹೆಸರು ಕೂಗಿ ಸಾರುತ್ತಿದ್ದವರು ಇವರು. ಯುದ್ಧದಲ್ಲಿ ಎರಡು ಪಾಳಯಗಳ ನಡುವೆ ಸಂದೇಶ ಒಯ್ಯುತ್ತಿದ್ದರು, ಅವರ ಮೈಮುಟ್ಟುವಂತಿರಲಿಲ್ಲ. ಸತ್ತವರನ್ನು ಗುರುತಿಸಿ ಎಣಿಸುವ ಕೆಲಸವೂ ಅವರದೇ. ನೆನಪಿನಲ್ಲಿದ್ದದ್ದನ್ನು ಆಮೇಲೆ ಸುರುಳಿಗಳಲ್ಲಿ ಬರೆದರು, ಸುರುಳಿಗಳು ಪುಸ್ತಕಗಳಾದವು. ಪುಸ್ತಕಗಳಾದ ಮೇಲೆ ಅವನ್ನಿಡಲು ಒಂದು ಮನೆ ಬೇಕಾಯಿತು.

ಆ ಮನೆ ಕೊಟ್ಟವನು ಮೂರನೆಯ ರಿಚರ್ಡ್. 1484ರ ಮಾರ್ಚಿನಲ್ಲಿ ಸನ್ನದು ಹೊರಡಿಸಿ ಹೆರಾಲ್ಡ್‌ಗಳನ್ನು ಒಂದು ಶಾಶ್ವತ ಸಂಸ್ಥೆಯಾಗಿ ಮಾಡಿದ. ಥೇಮ್ಸ್ ದಡದ ಕೋಲ್ಡ್‌ಹಾರ್ಬರ್ ಎಂಬ ದೊಡ್ಡ ಮನೆಯನ್ನು ದಯಪಾಲಿಸಿದ. ಮರುವರ್ಷವೇ ಬಾಸ್‌ವರ್ತ್ ಕಾಳಗದಲ್ಲಿ ರಿಚರ್ಡ್ ಬಿದ್ದ. ಗೆದ್ದ ಏಳನೆಯ ಹೆನ್ರಿ ಆ ಮನೆಯನ್ನು ಕಿತ್ತುಕೊಂಡು ತನ್ನ ತಾಯಿ ಮಾರ್ಗರೆಟ್ ಬೋಫರ್ಟಳಿಗೆ ಕೊಟ್ಟ. ಮುಂದಿನ 70 ವರ್ಷ ಹೆರಾಲ್ಡ್‌ಗಳಿಗೆ ಸ್ವಂತದ್ದೆನ್ನುವ ಸೂರಿರಲಿಲ್ಲ. 1555ರಲ್ಲಿ ರಾಣಿ ಮೇರಿ ಮತ್ತು ಅವಳ ಗಂಡ ಫಿಲಿಪ್ ಹೊಸ ಸನ್ನದು ಕೊಟ್ಟು ಡರ್ಬಿ ಪ್ಲೇಸ್ ಎಂಬ ಮನೆಯನ್ನು ಒಪ್ಪಿಸಿದರು. ಆ ಮನೆಯನ್ನು ಕಟ್ಟಿಸಿದ್ದವನು ಡರ್ಬಿಯ ಮೊದಲನೆಯ ಅರ್ಲ್ ಥಾಮಸ್ ಸ್ಟಾನ್ಲಿ. ಅವನು ಬೇರೆ ಯಾರೂ ಅಲ್ಲ, ಅದೇ ಮಾರ್ಗರೆಟ್ ಬೋಫರ್ಟಳ ಗಂಡ. ಹೆಂಡತಿಯ ಪಾಲಾಗಿ ಕೈತಪ್ಪಿದ ಮನೆಯ ಬದಲಿಗೆ ಗಂಡನ ಮನೆ ಹೆರಾಲ್ಡ್‌ಗಳಿಗೆ ಸಿಕ್ಕಿತು. ಅಂದಿನಿಂದ ಇಂದಿನವರೆಗೆ ಜಾಗ ಅದೇ, ಕಟ್ಟಡ ಮಾತ್ರ ಬೇರೆ.

ಕಟ್ಟಡ ಬದಲಾದದ್ದು 1666ರ ಸೆಪ್ಟೆಂಬರಿನ ಮಹಾಬೆಂಕಿಯಿಂದ. ಅರ್ಧ ಲಂಡನ್ನನ್ನೇ ನುಂಗಿದ ಆ ಬೆಂಕಿಗೆ ಡರ್ಬಿ ಪ್ಲೇಸೂ ಬೂದಿಯಾಯಿತು. ಆದರೆ ಬೆಂಕಿ ಹತ್ತಿರ ಬರುತ್ತಿರುವಾಗಲೇ ಹೆರಾಲ್ಡ್‌ಗಳು ಪುಸ್ತಕ, ಸುರುಳಿ, ವಂಶಾವಳಿಗಳನ್ನು ಹೊರಗೆ ಸಾಗಿಸಿ ವೈಟ್‌ಹಾಲ್ ಅರಮನೆಗೆ ಮುಟ್ಟಿಸಿದ್ದರು. ಒಂದೆರಡು ಸಂಪುಟ ಬಿಟ್ಟರೆ ಇಡೀ ಸಂಗ್ರಹ ಉಳಿಯಿತು. ಅದೇ ಬೆಂಕಿಯಲ್ಲಿ ಸೇಂಟ್ ಪಾಲ್ಸ್‌ನ ನೆಲಮಾಳಿಗೆಯಲ್ಲಿ ಪುಸ್ತಕ ವ್ಯಾಪಾರಿಗಳು ಭದ್ರವೆಂದು ತುಂಬಿಟ್ಟಿದ್ದ ರಾಶಿ ರಾಶಿ ಪುಸ್ತಕ ಉರಿದುಹೋದದ್ದನ್ನು ನೆನೆದರೆ ಕೂಗಳತೆಯ ದೂರದ ಈ ಮನೆಯವರು ಮಾಡಿದ ಕೆಲಸ ಎಂಥದ್ದೆಂದು ತಿಳಿಯುತ್ತದೆ.

ಮತ್ತೆ ಕಟ್ಟಲು ದುಡ್ಡಿರಲಿಲ್ಲ. ಚಂದಾ ಎತ್ತಿದರು, ಹೆರಾಲ್ಡ್‌ಗಳು ತಮ್ಮ ಶುಲ್ಕದ ಪಾಲು ಹಾಕಿದರು. ಇಂಗ್ಲೆಂಡಿನ ಸ್ಥಳೀಯ ಇತಿಹಾಸ ಬರೆದವರಲ್ಲಿ ದೊಡ್ಡ ಹೆಸರಾದ ಸರ್ ವಿಲಿಯಂ ಡಗ್ಡೇಲ್ ಆಗ ಇಲ್ಲಿನ ಅಧಿಕಾರಿ. ವಾಯವ್ಯ ಮೂಲೆಯ ಭಾಗವನ್ನು ಅವರು ಕೈಯಿಂದ ಹಣ ಹಾಕಿ ಕಟ್ಟಿಸಿದರು. ನಕ್ಷೆಯಲ್ಲಿ ಲ್ಯಾಂಕಾಸ್ಟರ್ ಹೆರಾಲ್ಡ್ ಆಗಿದ್ದ ಫ್ರಾನ್ಸಿಸ್ ಸ್ಯಾಂಡ್‌ಫರ್ಡರ ಕೈಯಿದೆ, ಜೊತೆಗೆ ರಾಜನ ಇಟ್ಟಿಗೆ ಕೆಲಸದ ಮೇಸ್ತ್ರಿ ಮಾರಿಸ್ ಎಮ್ಮೆಟ್. 1680ರ ದಶಕದ ಹೊತ್ತಿಗೆ ಕಟ್ಟಡ ಎದ್ದುನಿಂತಿತು. ಆಡಂಬರ ಕಡಿಮೆ, ಗಟ್ಟಿತನ ಹೆಚ್ಚು.

ಮುಂಬಾಗಿಲು ದಾಟಿದ ಕೂಡಲೇ ಸಿಗುವುದು ಅರ್ಲ್ ಮಾರ್ಷಲ್ಲರ ನ್ಯಾಯಾಲಯ. ಗೋಡೆಗೆಲ್ಲ ಗಾಢಬಣ್ಣದ ಮರದ ಹಲಗೆ, ಒಂದು ಕಡೆ ಕಟಕಟೆಯೊಳಗೆ ಎತ್ತರದ ಪೀಠ, ಸುತ್ತ ಬಣ್ಣದ ಲಾಂಛನಗಳು. ಅರ್ಲ್ ಮಾರ್ಷಲ್ ಪದವಿ 1672ರಿಂದ ನಾರ್‌ಫೋಕ್ ಡ್ಯೂಕರ ಮನೆತನದಲ್ಲಿ ವಂಶಪಾರಂಪರ್ಯವಾಗಿ ಬಂದಿದೆ. ಕಾಲೇಜು ಅವರ ಅಧೀನ. ಒಬ್ಬರ ಲಾಂಛನವನ್ನು ಇನ್ನೊಬ್ಬರು ಹಾಕಿಕೊಂಡರೆ ಅದರ ವಿಚಾರಣೆ ಅವರ ನ್ಯಾಯಾಲಯಕ್ಕೆ ಸೇರಿದ್ದು. ಹದಿನೆಂಟನೆಯ ಶತಮಾನದ ಆಚೆಗೆ ಅದು ಕಲಾಪ ನಡೆಸುವುದನ್ನೇ ನಿಲ್ಲಿಸಿತ್ತು. ಸತ್ತೇಹೋಯಿತು ಎಂದುಕೊಂಡಿದ್ದಾಗ 1954ರಲ್ಲಿ ಮತ್ತೆ ಸೇರಿತು. ಮ್ಯಾಂಚೆಸ್ಟರಿನ ನಾಟಕಶಾಲೆಯೊಂದು ಊರಿನ ಲಾಂಛನವನ್ನು ತನ್ನ ಪರದೆಯ ಮೇಲ್ಭಾಗದಲ್ಲೂ ಮೊಹರಿನಲ್ಲೂ ಬಳಸಿದ್ದಕ್ಕೆ ಅಲ್ಲಿನ ನಗರಸಭೆ ದಾವೆ ಹೂಡಿತ್ತು. ತೀರ್ಪು ನಗರಸಭೆಯ ಪರವಾಯಿತು. ಆಮೇಲೆ ಆ ನ್ಯಾಯಾಲಯ ಸೇರಿಲ್ಲ.

ಈ ಮನೆಯವರೆಲ್ಲ ಸಾಧುಗಳಾಗಿದ್ದರು ಎನ್ನುವಂತಿಲ್ಲ. ಒಂದನೆಯ ಜೇಮ್ಸ್ ಕಾಲದಲ್ಲಿ ಯಾರ್ಕ್ ಹೆರಾಲ್ಡ್ ಆಗಿದ್ದ ರಾಲ್ಫ್ ಬ್ರೂಕ್ ಮಹಾ ಜಗಳಗಂಟ. ಮುಖ್ಯಸ್ಥನಾದ ವಿಲಿಯಂ ಸೀಗರ್‌ನ ಹೆಸರು ಕೆಡಿಸಲು 1616ರಲ್ಲಿ ಸುಳ್ಳು ಹೇಳಿಸಿ, ಲಂಡನ್ನಿನ ಗಲ್ಲಿಗೇರಿಸುವವನಾದ ಗ್ರೆಗರಿ ಬ್ರಾಂಡನ್‌ಗೆ ಅರಗಾನ್ ರಾಜರ ಲಾಂಛನವನ್ನು ಸೀಗರ್ ಕೈಯಲ್ಲೇ ಮಂಜೂರು ಮಾಡಿಸಿದ. ರಾಜನಿಗೆ ಸಿಟ್ಟು ಬಂದು ಮೋಸ ಮಾಡಿದವನನ್ನೂ ಮೋಸಹೋದವನನ್ನೂ ಒಟ್ಟಿಗೆ ಮಾರ್ಷಲ್ಸಿ ಸೆರೆಮನೆಗೆ ಕಳಿಸಿದ. ನೋಡದೆ ರುಜು ಹಾಕುವ ಅಧಿಕಾರಿಗೆ ಸಿಕ್ಕ ಆ ಶಿಕ್ಷೆ ನ್ಯಾಯವಾದದ್ದೆಂದೇ ನನ್ನ ಅನಿಸಿಕೆ.

ದಾಖಲೆ ಕೊಠಡಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ‘ವಿಸಿಟೇಷನ್’ ಪುಸ್ತಕಗಳು. 1530ರಲ್ಲಿ ಎಂಟನೆಯ ಹೆನ್ರಿ ಕೊಟ್ಟ ಅಧಿಕಾರದಿಂದ ಶುರುವಾಗಿ 1680ರ ದಶಕದ ಕೊನೆಯವರೆಗೆ ಹೆರಾಲ್ಡ್‌ಗಳು ಜಿಲ್ಲೆಜಿಲ್ಲೆಗೂ ಕುದುರೆಯ ಮೇಲೆ ಹೋಗುತ್ತಿದ್ದರು. ಊರಿನ ದೊಡ್ಡ ಮನೆತನದವರನ್ನು ಕರೆಸಿ, ನಿಮ್ಮ ಗುರಾಣಿಯ ಗುರುತಿಗೆ ಆಧಾರವೇನು, ಅಪ್ಪ ಯಾರು, ಅಜ್ಜ ಯಾರು ಎಂದು ಕೇಳಿ ಬರೆದುಕೊಳ್ಳುತ್ತಿದ್ದರು. ಮನೆಯವರು ಹಳೆಯ ಕ್ರಯಪತ್ರ, ಮೊಹರು, ಚರ್ಚಿನ ಕಿಟಕಿಯ ಚಿತ್ರ ತೋರಿಸಬೇಕು. ಬರೆದದ್ದರ ಕೆಳಗೆ ರುಜು ಹಾಕಬೇಕು. ಆಧಾರವಿಲ್ಲದವರ ಹೆಸರನ್ನು ಇವರಿಗೆ ಹಕ್ಕಿಲ್ಲವೆಂದು ಬಹಿರಂಗವಾಗಿ ಸಾರುತ್ತಿದ್ದರು. ಆ ಅವಮಾನವನ್ನು ಊರಿನ ಪೇಟೆಯಲ್ಲಿ ನಾಲ್ಕು ಜನರೆದುರು ಅನುಭವಿಸಬೇಕಿತ್ತು.

ಅಂಥ ಪುಸ್ತಕದ ಪುಟಗಳಲ್ಲಿ ಬಣ್ಣವಿಲ್ಲದ ರೇಖಾಚಿತ್ರಗಳು ಎಷ್ಟೋ ಇವೆ. ಕಂದುಬಣ್ಣಕ್ಕೆ ತಿರುಗಿದ ಮಸಿಯಲ್ಲಿ ಬರಿಗೈಯಲ್ಲಿ ಎಳೆದ ಗುರಾಣಿ, ಅದರ ಒಂದೊಂದು ಭಾಗದಲ್ಲೂ ಒಂದೊಂದು ಸಣ್ಣ ಅಕ್ಷರ. ಪ್ರಯಾಣದ ನಡುವೆ ಬಣ್ಣ ಅರೆದು ಕೂರಲು ಹೊತ್ತಿಲ್ಲ. ಹಾಗಾಗಿ ಚಿನ್ನದ ಬಣ್ಣಕ್ಕೊಂದು ಅಕ್ಷರ, ಕೆಂಪಿಗೊಂದು, ನೀಲಿಗೊಂದು. ಕಾಲೇಜಿಗೆ ಮರಳಿದ ಮೇಲೆ ಚಿತ್ರಕಾರರು ಆ ಅಕ್ಷರ ನೋಡಿ ಬಣ್ಣ ತುಂಬುತ್ತಿದ್ದರು. ಇದು ಸಾಧ್ಯವಾದದ್ದು ಲಾಂಛನಗಳಿಗೆ ಬಿಗಿಯಾದ ವ್ಯಾಕರಣವಿದ್ದುದರಿಂದ. ಚಿನ್ನ, ಬೆಳ್ಳಿ ಎರಡು ಲೋಹಗಳು. ಕೆಂಪು, ನೀಲಿ, ಕಪ್ಪು, ಹಸಿರು, ನೇರಳೆ ಬಣ್ಣಗಳು. ಲೋಹದ ಮೇಲೆ ಲೋಹ ಬರಬಾರದು, ಬಣ್ಣದ ಮೇಲೆ ಬಣ್ಣ ಬರಬಾರದು. ರಣರಂಗದ ದೂಳಿನಲ್ಲಿ ದೂರದಿಂದ ಕಾಣಬೇಕಾದ ಗುರುತಿಗೆ ಇದಕ್ಕಿಂತ ಸರಳವಾದ ನಿಯಮ ಇರಲಾರದು. ಮಾತಿನಲ್ಲಿ ಬರೆದ ವರ್ಣನೆಯೇ ಪ್ರಮಾಣ. ಅದನ್ನು ಓದಿ ಯಾವ ಚಿತ್ರಕಾರ ಬರೆದರೂ ಅದು ಅದೇ ಲಾಂಛನ. ಚಿತ್ರ ಹಾಳಾದರೂ ವರ್ಣನೆ ಉಳಿದರೆ ಸಾಕು, ಲಾಂಛನ ಉಳಿದಂತೆ.

ಇದೇ ಸಂಗ್ರಹದಲ್ಲಿ ಶೇಕ್ಸ್‌ಪಿಯರ್ ಮನೆತನದ ಕಾಗದಗಳಿವೆ. ಸ್ಟ್ರಾಟ್‌ಫರ್ಡಿನಲ್ಲಿ ಕೈಗವಸು ಮಾಡಿ ಮಾರುತ್ತಿದ್ದ, ಊರಿನ ಮುಖಂಡನೂ ಆಗಿದ್ದ ಜಾನ್ ಶೇಕ್ಸ್‌ಪಿಯರ್‌ಗೆ ಲಾಂಛನ ಕೊಡಲು 1596ರಲ್ಲಿ ತಯಾರಿಸಿದ ಕರಡುಗಳು ಅವು. ಚಿನ್ನದ ಗುರಾಣಿ, ಓರೆಯಾಗಿ ಹಾಯ್ದ ಕಪ್ಪು ಪಟ್ಟಿ, ಅದರ ಮೇಲೊಂದು ಈಟಿ. ಮೇಲೆ ಈಟಿ ಹಿಡಿದ ಡೇಗೆ ಹಕ್ಕಿ. ಕರಡಾದ್ದರಿಂದ ಹೊಡೆದುಹಾಕಿದ ಪದಗಳು, ಸಾಲಿನ ನಡುವೆ ತುರುಕಿದ ಪದಗಳು ಹಾಗೆಯೇ ಇವೆ. ಕೆಲವು ವರ್ಷಗಳ ಮೇಲೆ ಅದೇ ರಾಲ್ಫ್ ಬ್ರೂಕ್ ಇದನ್ನೂ ಬಿಡಲಿಲ್ಲ. ಅಯೋಗ್ಯರಿಗೆಲ್ಲ ಲಾಂಛನ ಹಂಚಲಾಗಿದೆ ಎಂದು ಆಕ್ಷೇಪಿಸಿದ ಪಟ್ಟಿಯಲ್ಲಿ ಶೇಕ್ಸ್‌ಪಿಯರ್ ಹೆಸರನ್ನೂ ಸೇರಿಸಿದ. ಉತ್ತರ ಕೊಟ್ಟವರಲ್ಲಿ ಒಬ್ಬರು ವಿಲಿಯಂ ಕ್ಯಾಮ್ಡೆನ್. ಅವರು ಇತಿಹಾಸಕಾರರಾಗಿಯೂ ಈ ಮನೆಯ ಅಧಿಕಾರಿಯಾಗಿಯೂ ಹೆಸರು ಮಾಡಿದವರು. ಆ ಮಹಾಕವಿಯ ಬದುಕಿನ ಬಗ್ಗೆ ಉಳಿದ ಕಾಗದಗಳು ಬೆರಳೆಣಿಕೆಯವು. ಅವುಗಳಲ್ಲಿ ಕೆಲವು ಇಲ್ಲಿ ಉಳಿದದ್ದು ಅವನು ಕವಿಯೆಂದಲ್ಲ. ಇಲ್ಲಿನವರು ಕರಡನ್ನೂ ಎಸೆಯುತ್ತಿರಲಿಲ್ಲ ಎಂಬುದೇ ಕಾರಣ.

ಇನ್ನೊಂದು, 1511ರ ವೆಸ್ಟ್‌ಮಿನ್‌ಸ್ಟರ್ ಪಂದ್ಯದ ಸುರುಳಿ. ಎಂಟನೆಯ ಹೆನ್ರಿಗೆ ಗಂಡುಮಗು ಹುಟ್ಟಿದ ಸಂಭ್ರಮಕ್ಕೆ ಫೆಬ್ರವರಿಯಲ್ಲಿ ನಡೆದ ಪಂದ್ಯದ ಮೆರವಣಿಗೆಯನ್ನು ಸುಮಾರು 60 ಅಡಿ ಉದ್ದದ ಚರ್ಮದ ಸುರುಳಿಯಲ್ಲಿ ಬಣ್ಣಬಣ್ಣವಾಗಿ ಬರೆದಿದ್ದಾರೆ. ಆ ಮಗು ಅದೇ ತಿಂಗಳು ತೀರಿಕೊಂಡಿತು. ಚಿತ್ರದಲ್ಲಿ ಕುದುರೆಯ ಮೇಲೆ ಕುಳಿತ ಕಹಳೆಗಾರರ ಸಾಲಿನಲ್ಲಿ ತಲೆಗೆ ರುಮಾಲು ಸುತ್ತಿದ ಒಬ್ಬ ಕಪ್ಪು ಮನುಷ್ಯ ಎರಡು ಕಡೆ ಕಾಣುತ್ತಾನೆ. ಅವನ ಹೆಸರು ಜಾನ್ ಬ್ಲ್ಯಾಂಕ್ ಎಂದು ವಿದ್ವಾಂಸರು ಅರಮನೆಯ ಸಂಬಳದ ಲೆಕ್ಕದಿಂದ ಗುರುತಿಸಿದ್ದಾರೆ. ದಿನಕ್ಕೆ 8 ಪೆನ್ನಿಯ ಕೂಲಿ, ಅದನ್ನು ಹೆಚ್ಚಿಸಿರೆಂದು ಅವನು ರಾಜನಿಗೆ ಕೊಟ್ಟ ಅರ್ಜಿಯೂ ಉಳಿದಿದೆ. ಟ್ಯೂಡರ್ ಕಾಲದ ಇಂಗ್ಲೆಂಡಿನಲ್ಲಿ ಬಾಳಿದ ಆಫ್ರಿಕಾ ಮೂಲದವನೊಬ್ಬನ ಹೆಸರನ್ನೂ ಮುಖವನ್ನೂ ಇಂದು ಜೋಡಿಸಿ ನೋಡಲಾಗುವುದು ಈ ಸುರುಳಿಯಿಂದ. ರಾಜನ ಮೆರವಣಿಗೆಗಾಗಿ ಬರೆದ ಚಿತ್ರದಲ್ಲಿ ಅದೇ ದೊಡ್ಡ ನಿಧಿ ಎನಿಸಿತು ನನಗೆ.

ಆಮೇಲೆಯೂ ಕಟ್ಟಡಕ್ಕೆ ಬಂದ ಗಂಡಾಂತರಗಳು ಒಂದೆರಡಲ್ಲ. ಮಗ್ಗುಲಲ್ಲೇ ಸಕ್ಕರೆ ಕಾಸುವ ಕಾರ್ಖಾನೆ ಇತ್ತು; ಅದರ ಒಲೆಗಳಿಂದ ಯಾವಾಗ ಕಿಡಿ ಹಾರೀತೋ ಎಂಬ ಭಯದಲ್ಲೇ ಹೆರಾಲ್ಡ್‌ಗಳು ಹತ್ತಾರು ವರ್ಷ ಕಳೆದರು. ಕೊನೆಗೆ ಆ ಜಾಗವನ್ನೇ ಕೊಂಡು, ಹತ್ತೊಂಬತ್ತನೆಯ ಶತಮಾನದ ನಡುವಿಗೆ ಬೆಂಕಿ ತಾಗದಂಥ ದಾಖಲೆ ಕೊಠಡಿ ಕಟ್ಟಿಸಿಕೊಂಡರು. 1860ರ ದಶಕದಲ್ಲಿ ಕ್ವೀನ್ ವಿಕ್ಟೋರಿಯಾ ಸ್ಟ್ರೀಟ್ ಹಾಯಿಸುವಾಗ ಮನೆಯನ್ನೇ ಕೆಡವುವ ಮಾತು ಬಂದಿತ್ತು. ಹೋರಾಡಿ ಉಳಿಸಿಕೊಂಡರೂ ದಕ್ಷಿಣದ ಎರಡು ತುದಿಗಳನ್ನು ರಸ್ತೆಗೆ ಬಿಟ್ಟುಕೊಡಬೇಕಾಯಿತು. ಈಗ ಅಂಗಳ ರಸ್ತೆಗೆ ತೆರೆದುಕೊಂಡಿರುವುದು ಅದರಿಂದಲೇ.

ಎರಡನೆಯ ಮಹಾಯುದ್ಧದ ಹೊತ್ತಿಗೆ ಬೆಲೆಬಾಳುವ ದಾಖಲೆಗಳನ್ನು ಗ್ಲಾಸ್ಟರ್‌ಷೈರಿನ ಥಾರ್ನ್‌ಬರಿ ಕೋಟೆಗೆ ಮುಂಚಿತವಾಗಿಯೇ ಸಾಗಿಸಿದ್ದರು. 1941ರ ಮೇ 10ರ ರಾತ್ರಿಯ ಬಾಂಬು ದಾಳಿಯಲ್ಲಿ ಬೀದಿಯ ಪೂರ್ವದ ಕಟ್ಟಡಗಳೆಲ್ಲ ಉರಿದು ನೆಲಸಮವಾದವು. ಬೆಂಕಿ ಇತ್ತ ಹರಡುತ್ತಿತ್ತು, ಇನ್ನು ಉಳಿಯದೆಂದು ಕೈಚೆಲ್ಲಿದ್ದಾಗ ಗಾಳಿ ದಿಕ್ಕು ಬದಲಿಸಿತು, ಮನೆ ಉಳಿಯಿತು. ಹಳೆಯ ಗೇಟು ಯುದ್ಧಕಾಲದಲ್ಲಿ ಗುಜರಿಗೆ ಹೋಗಿತ್ತು. ಈಗಿರುವುದು ಹೆರೆಫರ್ಡ್‌ಷೈರಿನ ಗುಡ್‌ರಿಚ್ ಕೋರ್ಟ್ ಎಂಬ ಬಂಗಲೆಯದು, 1956ರಲ್ಲಿ ಅಮೆರಿಕದ ದಾನಿಯೊಬ್ಬರು ಕೊಡಿಸಿದ್ದು. 2009ರಲ್ಲಿ ಮೇಲಂತಸ್ತಿಗೆ ಮತ್ತೆ ಬೆಂಕಿ ಬಿದ್ದಿತ್ತು. ಆಗಲೂ ದಾಖಲೆಗಳಿಗೆ ಹಾನಿಯಾಗಲಿಲ್ಲ. ಕಟ್ಟಡವನ್ನು 1941ರಲ್ಲಿ ಉಳಿಸಿದ್ದು ಗಾಳಿ ಇರಬಹುದು. ಪುಸ್ತಕಗಳನ್ನು ಉಳಿಸಿದ್ದು ಪ್ರತಿ ಸಲವೂ ಮುಂದಾಲೋಚನೆ.

ಇಂದು ಇಲ್ಲಿ ಕಾಯಂ ಅಧಿಕಾರಿಗಳು 13 ಜನ. ಮೂವರು ಕಿಂಗ್ಸ್ ಆಫ್ ಆರ್ಮ್ಸ್, ಅವರಲ್ಲಿ ಹಿರಿಯರು ಗಾರ್ಟರ್, ಆರು ಜನ ಹೆರಾಲ್ಡ್‌ಗಳು, ನಾಲ್ವರು ಪರ್ಸಿವಂಟರು. ಬ್ಲೂಮ್ಯಾಂಟಲ್, ರೂಜ್ ಡ್ರ್ಯಾಗನ್, ಪೋರ್ಟ್‌ಕಲಿಸ್ ಎಂಬ ಪದವಿನಾಮಗಳು ಮಧ್ಯಯುಗದಿಂದ ಹಾಗೆಯೇ ಬಂದಿವೆ. ಸಂಬಳವೂ ಹಳೆಯದೇ: ಗಾರ್ಟರ್‌ಗೆ ವರ್ಷಕ್ಕೆ 49.07 ಪೌಂಡ್, ಹೆರಾಲ್ಡ್‌ಗೆ 17.80, ಪರ್ಸಿವಂಟ್‌ಗೆ 13.95. ಇದು ತಿಂಗಳದ್ದಲ್ಲ, ವರ್ಷದ್ದು. ಸಂಸ್ಥೆ ನಡೆಯುವುದು ಲಾಂಛನ ಕೋರುವವರೂ ವಂಶದ ಮಾಹಿತಿ ಹುಡುಕಿಸುವವರೂ ಕೊಡುವ ಶುಲ್ಕದಿಂದ. ಅರ್ಜಿ ಅರ್ಲ್ ಮಾರ್ಷಲ್ಲರಿಗೆ ಹೋಗಬೇಕು; ಅವರು ಒಪ್ಪಿದ ಮೇಲೆ ಅಧಿಕಾರಿ ಕುಳಿತು ವಿನ್ಯಾಸ ಮಾಡುತ್ತಾರೆ, ಹಿಂದೆ ಯಾರಿಗೂ ಕೊಟ್ಟಿಲ್ಲವೆಂದು ಪುಸ್ತಕಗಳಲ್ಲಿ ತಾಳೆ ನೋಡುತ್ತಾರೆ. ಆಮೇಲೆ ಚರ್ಮಪತ್ರದ ಮೇಲೆ ಕೈಯಿಂದ ಬರೆದು, ಬಣ್ಣ ತುಂಬಿ, ಮೊಹರು ತೂಗುಹಾಕಿ ಕೊಡುತ್ತಾರೆ. ಗಾಯಕ ಎಲ್ಟನ್ ಜಾನ್ ಅವರಿಗೆ ಕೊಟ್ಟ ಗುರಾಣಿಯಲ್ಲಿ ಪಿಯಾನೋದ ಕಪ್ಪುಬಿಳುಪು ಕೀಲಿಗಳಿವೆ. 2022ರ ಸೆಪ್ಟೆಂಬರ್ 10ರಂದು ಸೇಂಟ್ ಜೇಮ್ಸ್ ಅರಮನೆಯ ಮೊಗಸಾಲೆಯಿಂದ ಮೂರನೆಯ ಚಾರ್ಲ್ಸ್ ರಾಜನಾದನೆಂದು ಓದಿ ಸಾರಿದವರು ಈ ಮನೆಯ ಗಾರ್ಟರ್. ಟಿವಿಯಲ್ಲಿ ನೋಡಿದವರಿಗೆ ಇಸ್ಪೀಟಿನ ರಾಜನಂಥ ಬಣ್ಣದ ನಿಲುವಂಗಿ ತೊಟ್ಟವರು ನೆನಪಿರಬಹುದು. ವರ್ಷದ ಬಹುತೇಕ ದಿನ ಅವರು ತೊಡುವುದು ಸಾಮಾನ್ಯ ಸೂಟು, ಮಾಡುವುದು ಮೇಜಿನ ಕೆಲಸ.

ಕನ್ನಡನಾಡಿನವರಿಗೆ ಈ ದಾಖಲೆಗಳಲ್ಲಿ ಏನಾದರೂ ಇದೆಯೇ? ಇದೆ, ಮತ್ತು ಅದು ಸುಲಭವಾಗಿ ನೋಡಿ ಮುಂದೆ ಹೋಗುವಂಥದ್ದಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದಾಗ ಬ್ರಿಟಿಷ್ ಪಡೆಯ ದಂಡನಾಯಕ ಜನರಲ್ ಜಾರ್ಜ್ ಹ್ಯಾರಿಸ್. 1815ರಲ್ಲಿ ಅವನನ್ನು ‘ಶ್ರೀರಂಗಪಟ್ಟಣ ಮತ್ತು ಮೈಸೂರಿನ ಬ್ಯಾರನ್ ಹ್ಯಾರಿಸ್’ ಮಾಡಿದರು. ಅವನ ಲಾಂಛನದ ಶಿಖರದಲ್ಲಿ ಒಂದು ಹುಲಿಯಿದೆ. ತಲೆಯ ಮೇಲೆ ಪೂರ್ವದೇಶದ ಕಿರೀಟ, ಎದೆಯಲ್ಲಿ ನಾಟಿದ ಬಾಣ, ಗಾಯದಿಂದ ಹರಿಯುವ ರಕ್ತ, ಹಣೆಯ ಮೇಲೆ ಪಾರಸಿ ಲಿಪಿಯಲ್ಲಿ ‘ಹೈದರ್’ ಎಂಬ ಹೆಸರು. ಗುರಾಣಿಯ ಮಗ್ಗುಲಲ್ಲಿ ನಿಂತ ಬ್ರಿಟಿಷ್ ಸಿಪಾಯಿಯ ಕೈಯ ಕೋಲಿನಲ್ಲಿ ಮೇಲೆ ಬ್ರಿಟನ್ನಿನ ಬಾವುಟ, ಕೆಳಗೆ ಟಿಪ್ಪುವಿನ ಬಾವುಟ. ಆ ಹುಲಿ ಯಾರದ್ದೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಟಿಪ್ಪು ತನ್ನ ಸಿಂಹಾಸನಕ್ಕೆ, ಸೈನಿಕರ ಬಟ್ಟೆಗೆ, ಫಿರಂಗಿಯ ಬಾಯಿಗೆ ಹಾಕಿಸಿದ್ದ ಗುರುತನ್ನು ಗೆದ್ದವರು ಗಾಯಗೊಳಿಸಿ ತಮ್ಮ ಮನೆತನದ ಗುರುತಾಗಿ ಮಾಡಿಕೊಂಡರು. ಸಿಂಹಾಸನ ಒಡೆದು ಹಂಚಿಹೋಯಿತು, ಅರಮನೆ ನೆಲಕಚ್ಚಿತು. ಸೋತ ರಾಜನ ಹುಲಿ ಮಾತ್ರ ಗೆದ್ದವರ ಲಾಂಛನದ ವರ್ಣನೆಯಲ್ಲಿ ಕಿರೀಟ ಸಮೇತ ಉಳಿದಿದೆ. ಇದನ್ನು ಓದುವಾಗ ಮನಸ್ಸಿಗೆ ನೋವಾಗುತ್ತದೆ. ನೋವಾದರೂ ಓದಬೇಕು. ಒಂದು ಯುದ್ಧವನ್ನು ಗೆದ್ದವರು ತಮ್ಮ ಮಕ್ಕಳು ಮೊಮ್ಮಕ್ಕಳಿಗೆ ಹೇಗೆ ನೆನಪಿಸಬಯಸಿದರು ಎಂಬುದಕ್ಕೆ ಇಷ್ಟು ನೇರವಾದ ಸಾಕ್ಷಿ ಅಪರೂಪ.

ಆದ್ದರಿಂದ ನಮ್ಮ ಇತಿಹಾಸ ವಿಭಾಗಗಳ ಸಂಶೋಧಕರಲ್ಲಿ ನನ್ನದೊಂದು ಕೋರಿಕೆ. ಮೈಸೂರು ಯುದ್ಧಗಳಲ್ಲಿ ಕಾದಿ ಬಿರುದು ಪಡೆದ ಬ್ರಿಟಿಷ್ ಮನೆತನಗಳ ಲಾಂಛನಗಳನ್ನು ಒಂದೆಡೆ ಸೇರಿಸಿ, ವರ್ಣನೆಯ ಕನ್ನಡ ರೂಪದೊಡನೆ, ನಮ್ಮ ಕಡೆಯ ದಾಖಲೆಗಳ ಪಕ್ಕದಲ್ಲಿಟ್ಟು ಪ್ರಕಟಿಸುವ ಕೆಲಸ ಆಗಬೇಕು. ಕಾಲೇಜಿನ ಪುಸ್ತಕಗಳನ್ನು ಹೊರಗಿನವರು ತಾವಾಗಿ ತೆರೆದು ಓದುವಂತಿಲ್ಲ. ಹುಡುಕಿಕೊಡುವವರು ಅಲ್ಲಿನ ಅಧಿಕಾರಿಗಳು, ಅದಕ್ಕೆ ಶುಲ್ಕವಿದೆ. ಪತ್ರ ಬರೆದರೆ ಸರದಿಯ ಮೇಲಿರುವ ಅಧಿಕಾರಿಗೆ ಅದು ತಲುಪುತ್ತದೆ. ಬರೇ ನೋಡಲು ಹೋಗುವವರು ಅರ್ಲ್ ಮಾರ್ಷಲ್ಲರ ನ್ಯಾಯಾಲಯವನ್ನು ಕೆಲಸದ ದಿನಗಳಲ್ಲಿ ಕಚೇರಿಯ ವೇಳೆಯಲ್ಲಿ ನೋಡಬಹುದು, ಹೊರಡುವ ಮುನ್ನ ಒಮ್ಮೆ ವಿಚಾರಿಸಿಕೊಂಡರೆ ಒಳ್ಳೆಯದು. ದಾಖಲೆ ಕೊಠಡಿ ನೋಡಬೇಕಾದರೆ ಗುಂಪು ಕಟ್ಟಿಕೊಂಡು ಮುಂಚಿತವಾಗಿ ದಿನ ಗೊತ್ತುಮಾಡಿಕೊಳ್ಳಬೇಕು.